ಸ್ಪ್ಯಾನಿಷಿನಲ್ಲಿ ಊಟ ಆಯ್ತಾ

"ರೈಲ್ವೆ ಸ್ಟೇಷನ್ ಎಲ್ಲಿದೆ ಅಂತ ಕೇಳೋದು ಕಲ್ತು ನಾನೇನ್ ಮಾಡ್ಲಿ ಮೇಷ್ಟ್ರೇ? ನನ್ನ ತಮ್ಮ ಮಲಗಿರೋದು ಆಸ್ಪತ್ರೇಲಿ, ಸ್ಟೇಷನ್ನಲ್ಲಲ್ಲ."

ಮೊದಲನೇ ಪಾಠದಲ್ಲೇ ನಾನು ಹೀಗೆ ರೇಗಿದೆ. ಮೇಷ್ಟ್ರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು. ನನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಸ್ಪ್ಯಾನಿಷ್ ಕಲಿಸುತ್ತಿದ್ದರು. ಅದಕ್ಕೂ ಮೊದಲು ವರ್ಷಗಟ್ಟಲೆ ವಿದೇಶಿ ಪ್ರವಾಸಿಗಳಿಗೆ ಗೈಡ್ ಆಗಿದ್ದವರು. ಬಾಯಿ ಬಿಟ್ಟರೆ ಮುಚ್ಚುವುದು ಗೊತ್ತಿಲ್ಲ. ಅವರ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿದುಕೊಡುವಾಗಲೆಲ್ಲ ನನ್ನ ಕಿವಿಗೂ ಒಂದು ಹೊಲಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು. ಅಂಥವರ ಕಾಲನ್ನೇ ಹಿಡಿಯುವ ಗತಿ ನನಗೆ ಬಂದಿತ್ತು.

ನನ್ನ ತಮ್ಮ ಹಡಗಿನಲ್ಲಿ ಅಡುಗೆಯವನು. ಮೈಕಟ್ಟು ನೋಡಿ ಚಿಕ್ಕಂದಿನಲ್ಲೇ ಗುಂಡ ಎಂದು ಕರೆದೆವು, ಆ ಹೆಸರೇ ನಿಂತಿತು. ಸಮುದ್ರದ ಮೇಲೆ ಅವನಿಗೆ ಜ್ವರ ಬಂತು, ಜ್ವರ ಎದೆಗಿಳಿಯಿತು, ಪ್ರಜ್ಞೆ ತಪ್ಪಿತು. ಹಡಗಿನವರು ಸ್ಪ್ಯಾನಿಷ್ ಆಡುವ ದೇಶದ ಯಾವುದೋ ಬಂದರಿನ ಆಸ್ಪತ್ರೆಗೆ ಸೇರಿಸಿ, ಕೈ ತೊಳೆದುಕೊಂಡು ಲಂಗರು ಎತ್ತಿದರು. ಕಂಪನಿಯಿಂದ ನಮಗೆ ಬಂದದ್ದು ಒಂದು ತಂತಿ, ಅದರಲ್ಲಿ ಆಸ್ಪತ್ರೆಯ ವಾರ್ಡಿನ ಫೋನ್ ನಂಬರು. ಹೋಗೋಣವೆಂದರೆ ಪಾಸ್‌ಪೋರ್ಟ್ ಕಚೇರಿಯವರಿಗೆ "ನೋಡೋಣ" ಎನ್ನುವುದೊಂದು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ.

ಅಂಗಡಿಯ ಫೋನಿನಿಂದ ಮೊದಲ ಸಲ ಆ ನಂಬರಿಗೆ ಮಾಡಿದಾಗ ಒಬ್ಬ ನರ್ಸ್ ಎತ್ತಿದಳು. ನಾನು ನನ್ನ ಭಾಷೆಯಲ್ಲಿ ಕೇಳಿದೆ, ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಕೇಳಿದೆ, ತಮ್ಮನ ಹೆಸರನ್ನು ಕೂಗಿ ಕೂಗಿ ಹೇಳಿದೆ. ಅವಳು ಏನೇನೋ ಹೇಳಿದಳು. ಒಂದಕ್ಷರ ತಲೆಗೆ ಹೋಗಲಿಲ್ಲ. ಕೊನೆಗೆ ನಾನು ಅತ್ತೆ, ಅವಳು ಮೆಲ್ಲಗೆ ಏನೋ ಸಮಾಧಾನ ಹೇಳಿದಳು, ಫೋನ್ ಇಟ್ಟೆ. ಒಡಹುಟ್ಟಿದವನು ಬದುಕಿದ್ದಾನೋ ಇಲ್ಲವೋ ಎಂದು ಹೇಳುವವಳು ಕಿವಿಯ ಹತ್ತಿರವೇ ಇದ್ದಳು. ಅವಳು ಹೇಳಿದ್ದು ನನಗೆ ಗೊತ್ತಾಗಲಿಲ್ಲ. ಅಂಥ ಸಂಕಟ ನನ್ನ ಶತ್ರುವಿಗೂ ಬೇಡ. ಮೇಷ್ಟ್ರನ್ನೇ ಮಾತಾಡಿಸೋಣವೆಂದರೆ ಅವರ ಮಾತಿನ ಹೊಳೆಯಲ್ಲಿ ನನ್ನ ಪ್ರಶ್ನೆ ಕೊಚ್ಚಿಹೋಗುತ್ತದೆ; ನಾನೇ ಕೇಳಬೇಕು, ನಾನೇ ತಿಳಿಯಬೇಕು.

"ನಿಮಗೇನು ಕೇಳ್ಬೇಕು ಟೈಲರಮ್ಮ? ಅದನ್ನ ಹೇಳಿ," ಎಂದರು ಮೇಷ್ಟ್ರು.

"ಇವತ್ತು ಊಟ ಮಾಡಿದಾನಾ? ನಿದ್ದೆ ಮಾಡಿದಾನಾ? ಕಣ್ಣು ಬಿಟ್ಟಿದಾನಾ? ಮಾತಾಡಿದಾನಾ? ಅಷ್ಟೇ."

ಮೇಷ್ಟ್ರು ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ನಿಮಗೆ ಒಂದೇ ಕಾಲ ಸಾಕು," ಎಂದರು. "ಇವತ್ತು ಆಗಿರೋದನ್ನ ಹೇಳೋ ಕಾಲ. ಆಗಿದೆ, ಆದ್ರೆ ದಿನ ಇನ್ನೂ ಮುಗಿದಿಲ್ಲ. ನಿನ್ನೆ ತಿಂದ, ಹೋದ್ವರ್ಷ ಬಂದ ಅನ್ನೋದಕ್ಕೆ ಬೇರೆ ಕಾಲ ಇದೆ. ಅದು ಮುಗಿದ ಕಥೆ."

"ಮುಗಿದ ಕಥೆ ನನಗೆ ಬೇಡ ಮೇಷ್ಟ್ರೇ."

ಮಾರನೆಯ ದಿನದಿಂದ ಅವರೇ ಕೆಳಗೆ ಬಂದು, ನಾನು ಮಷಿನ್ ತುಳಿಯುತ್ತಿದ್ದಂತೆಯೇ ಪಾಠ ಮಾಡತೊಡಗಿದರು. ಶಾಲೆಗಳು ತೆರೆಯುವ ಸಮಯ, ಯೂನಿಫಾರ್ಮ್ ರಾಶಿ ಬಿದ್ದಿತ್ತು. ಅಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು ಷರಟುಗಳಿಗೆ ಕಾಜ ಹೊಲಿದು ಗುಂಡಿ ಹಚ್ಚುತ್ತಿದ್ದಳು.

ಪಾಠ ಇಷ್ಟೇ. ಮೊದಲು 'ಅಬೆರ್' ಎನ್ನುವ ಕ್ರಿಯಾಪದ. ನಾನಾದರೆ ಎ, ನೀನಾದರೆ ಅಸ್, ಅವನಾದರೂ, ಮರ್ಯಾದೆಯ 'ಉಸ್ತೆದ್' ಅಂದರೆ ನೀವು ಆದರೂ ಅ, ನಾವಾದರೆ ಎಮೊಸ್, ನೀವೆಲ್ಲ ಆದರೆ ಅಬೆಯಿಸ್, ಅವರಾದರೆ ಅನ್. ಬರೆಯುವಾಗ ಪ್ರತಿಯೊಂದರ ತಲೆಯ ಮೇಲೂ ಒಂದು ಹಕಾರ ಇರುತ್ತದಂತೆ, ಬಾಯಲ್ಲಿ ಮಾತ್ರ ಬರುವುದಿಲ್ಲವಂತೆ.

"ಕೂತಿರುತ್ತೆ, ಉಸಿರು ಬಿಡಲ್ಲ. ಮನೆ ಅಳಿಯ ಇದ್ದ ಹಾಗೆ," ಎಂದಳು ಅಮ್ಮ ಸೂಜಿಗೆ ದಾರ ಪೋಣಿಸುತ್ತ.

ಅದರ ಹಿಂದೆ ಇನ್ನೊಂದು ಮಾತು ಬರಬೇಕು. ತಿನ್ನು ಎನ್ನುವುದು ಕೊಮೆರ್, ಅದರಿಂದ ಕೊಮಿದೊ. ಮಲಗಿ ನಿದ್ರಿಸುವುದು ದೊರ್ಮಿರ್, ಅದರಿಂದ ದೊರ್ಮಿದೊ. ಮಾತಾಡುವುದು ಅಬ್ಲಾರ್, ಅದರಿಂದ ಅಬ್ಲಾದೊ. ತಿಂದವನು ಯಾರೇ ಆಗಲಿ, ಎಷ್ಟು ಜನವೇ ಆಗಲಿ, ಈ ಎರಡನೇ ತುಂಡು ಬದಲಾಗುವುದಿಲ್ಲ. ನನಗೆ ಅದು ಪ್ಯಾಂಟಿನ ಲೆಕ್ಕದಲ್ಲಿ ತಿಳಿಯಿತು: ಸೊಂಟದ ಪಟ್ಟಿ ಆಳಿಗೆ ತಕ್ಕಂತೆ, ಕೆಳಗಿನದು ಎಲ್ಲರಿಗೂ ಒಂದೇ ಕತ್ತರಿ. ಆಮೇಲೆ ಮಷಿನ್ ತುಳಿಯುತ್ತ ಯೋಚಿಸಿದರೆ ನಮ್ಮದೂ ಹಾಗೆಯೇ ಇದೆ. ತಿಂದಿದ್ದೇನೆ, ತಿಂದಿದ್ದೀಯ, ತಿಂದಿದ್ದಾನೆ. ತಿಂದದ್ದು ಹಾಗೇ ಇರುತ್ತದೆ, ಇರುವವನು ಮಾತ್ರ ಬದಲಾಗುತ್ತಾನೆ. ನಾವು ಬಾಲಕ್ಕೆ ಕಟ್ಟಿದ್ದನ್ನು ಅವರು ತಲೆಗೆ ಕಟ್ಟಿದ್ದಾರೆ, ಅಷ್ಟೇ. ಇಷ್ಟಕ್ಕೆ ಈ ಮನುಷ್ಯ ಮೇಲಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಎಳೆಯುತ್ತಾನಲ್ಲ ಎಂದು ಸಿಟ್ಟು ಬಂತು.

"ನನಗೆ 'ಅ' ಒಂದು ಸಾಕು ಮೇಷ್ಟ್ರೇ. ಗುಂಡ ಒಬ್ಬನೇ ತಾನೆ ಅಲ್ಲಿರೋದು? ಮಿಕ್ಕಿದ್ದೆಲ್ಲ ನನಗೆ ಚಿಂದಿ ಬಟ್ಟೆ."

"ಆರೂ ಕಲೀಬೇಕು. ಯಾವಾಗ ಯಾವುದು ಬೇಕಾಗತ್ತೋ ಯಾರಿಗೆ ಗೊತ್ತು?"

ನಾನು ಕಲಿಯಲಿಲ್ಲ. ಅಮ್ಮ ಮಾತ್ರ ಗುಂಡಿ ಹಚ್ಚುತ್ತ, ಹಲ್ಲಿಲ್ಲದ ಬಾಯಲ್ಲಿ ಎ, ಅಸ್, ಅ, ಎಮೊಸ್ ಎಂದು ಮಗ್ಗಿಯ ಹಾಗೆ ಗುನುಗುತ್ತಿದ್ದಳು. ವಯಸ್ಸಾದವಳು, ಹೊತ್ತು ಹೋಗಲಿ ಎಂದು ಬಿಟ್ಟೆ.

ಹೇಳಿದ ಮಾತು ಕೇಳದ ಮಕ್ಕಳು ಎಲ್ಲ ಮನೆಯಲ್ಲೂ ಇರುವ ಹಾಗೆ ಈ ಕ್ರಿಯಾಪದಗಳಲ್ಲೂ ಕೆಲವಿದ್ದವು. ತೆರೆದದ್ದು ಅಬ್ಯೆರ್ತೊ, ಹೇಳಿದ್ದು ದಿಚೊ, ನೋಡಿದ್ದು ವಿಸ್ತೊ, ವಾಪಸು ಬಂದದ್ದು ವುವೆಲ್ತೊ. ಇವು ದಾರಿಗೆ ಬರುವುದಿಲ್ಲ, ಹಾಗೇ ಬಾಯಿಪಾಠ ಮಾಡಬೇಕು. ಮೇಷ್ಟ್ರು ಒಂದೊಂದೇ ಹೇಳುತ್ತ ಬಂದವರು ಒಂದು ಕಡೆ ತಡೆದರು. "ಇನ್ನೊಂದಿದೆ. ಅದು ಬೇಡ ಬಿಡಿ," ಎಂದು ಮುಂದಕ್ಕೆ ಹೋದರು. ಯಾವುದು ಎಂದು ನಾನು ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ.

ಅಂಗಡಿಗೆ ಮಧ್ಯಾಹ್ನ ಅರ್ಧ ಷಟರ್ ಎಳೆದು, ಕತ್ತರಿಸುವ ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಊಟಕ್ಕೆ ಮೊದಲು ಫೋನ್ ಮಾಡುವುದು ರೂಢಿಯಾಯಿತು. ಅಲ್ಲಿ ಅದು ಬೆಳಗಿನ ಹೊತ್ತು, ಆ ನರ್ಸಿನ ಪಾಳಿ. ಫೋನ್ ಮುದಿಯಾಗಿತ್ತು. ಆ ಕಡೆಯವರು ಪಿಸುಗುಟ್ಟಿದರೂ ಅಂಗಡಿಗೆಲ್ಲ ಕೇಳುತ್ತಿತ್ತು.

ಮೊದಲ ದಿನವೇ ನಾನೊಂದು ಎಡವಟ್ಟು ಮಾಡಿದೆ. ನಮ್ಮ ಮನೆಯಲ್ಲಿ ಯಾರಿಗೇ ಫೋನ್ ಮಾಡಲಿ, ಬಾಯಿಂದ ಮೊದಲು ಬರುವುದು ಊಟ ಆಯ್ತಾ. ಗುಂಡನೂ ಅಷ್ಟೇ, ಯಾವ ಬಂದರಿನಿಂದ ಮಾಡಿದರೂ ಮೊದಲು ಅಮ್ಮನ ಊಟದ ಸಮಾಚಾರ, ಆಮೇಲೆ ತಾನು ಬದುಕಿರುವ ಸಮಾಚಾರ. ಆ ಅಭ್ಯಾಸ ಬಿಡುವುದುಂಟೇ? ನರ್ಸ್ ಫೋನೆತ್ತಿದ ಕೂಡಲೇ, "ಉಸ್ತೆದ್, ಅ ಕೊಮಿದೊ?" ಅಂದುಬಿಟ್ಟೆ. ನಿಮ್ಮ ಊಟ ಆಯ್ತೇನಮ್ಮ ಎಂದು ಕೇಳಿದ ಹಾಗೆ. ಅವಳು ನಕ್ಕಳು. "ಸಿ, ಸಿ. ಗ್ರಾಸಿಯಾಸ್." ಹೌದು, ಆಗಿದೆ, ಉಪಕಾರ.

"ಅಲ್ಲಿ ಯಾರೂ ಹಾಗೆ ಕೇಳಲ್ಲ ಟೈಲರಮ್ಮ! ಲೈನ್ ಯಾವಾಗ ಕಟ್ ಆಗತ್ತೋ ಗೊತ್ತಿಲ್ಲ, ನೀವು ನರ್ಸ್ ಊಟ ವಿಚಾರಿಸ್ತಾ ಕೂತಿದೀರಲ್ಲ," ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

"ನನ್ನ ತಮ್ಮನಿಗೆ ತುತ್ತು ಹಾಕೋಳು ಹಸ್ಕೊಂಡಿರಬಾರದು," ಎಂದೆ. ಅದನ್ನು ನಾನು ಬಿಡಲೇ ಇಲ್ಲ. ದಿನವೂ ಮೊದಲು ಅವಳದು, ಆಮೇಲೆ ಗುಂಡನದು.

ಗುಂಡನ ಪ್ರಶ್ನೆಗಳಿಗೆ ಮಾತ್ರ ಒಳ್ಳೆಯ ಉತ್ತರ ಬರಲಿಲ್ಲ. ತಿಂದಿದ್ದಾನಾ? ನೋ. ಕಣ್ಣು ಬಿಟ್ಟಿದ್ದಾನಾ? ತೊದವೀಯಾ ನೋ. ಈ ತೊದವೀಯಾ ಏನೆಂದು ಮೆಟ್ಟಿಲ ಮೇಲೆ ಮೇಷ್ಟ್ರನ್ನು ಹಿಡಿದು ಕೇಳಿದೆ. 'ಇನ್ನೂ ಇಲ್ಲ' ಎಂದರ್ಥವಂತೆ. ಕೆಳಗೆ ಬಂದರೆ ಅಮ್ಮ ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದಳು.

"ಗುಂಡ ತಿಂದ್ನಂತಾ?"

"ತೊದವೀಯಾ ನೋ ಅಂದ್ರೆ ಸ್ವಲ್ಪ ಸ್ವಲ್ಪ ತಿಂದಿದಾನೆ ಅಂತ ಅರ್ಥ ಕಣಮ್ಮ. ನೀನು ಊಟ ಮಾಡು."

ಅಮ್ಮ ನನ್ನ ಮುಖ ನೋಡಿದಳು, ತಟ್ಟೆ ಎಳೆದುಕೊಂಡಳು. ಮಗ ತಿಂದ ಸುದ್ದಿ ಬರದೆ ಅವಳು ತುತ್ತು ಎತ್ತುತ್ತಿರಲಿಲ್ಲ. ಅವಳು ಎತ್ತದೆ ನನಗೆ ಇಳಿಯುತ್ತಿರಲಿಲ್ಲ. ಹೀಗೆ ನಾನು ದಿನವೂ ಒಂದು ಸುಳ್ಳು ಬಡಿಸುತ್ತಿದ್ದೆ. ಆಮೇಲೆ ಮಕ್ಕಳ ಷರಟಿಗೆ ಜೇಬು ಹಚ್ಚಲು ಕೂರುತ್ತಿದ್ದೆ. ಒಂದು ಷರಟಿಗೆ ಎಡಗೈ ಜಾಗದಲ್ಲೂ ಬಲಗೈ ತೋಳನ್ನೇ ಕೂಡಿಸಿದ್ದನ್ನು ಗಿರಾಕಿ ತಂದು ತೋರಿಸಿದಾಗ, ಅವನ ಮೇಲೆಯೇ ಹರಿಹಾಯ್ದೆ.

ಒಂದು ದಿನ ಫೋನೆತ್ತಿದವಳೇ ನರ್ಸ್, ನಾನು ಕೇಳುವುದಕ್ಕೂ ಬಿಡದೆ, "ಅ ಅಬ್ಯೆರ್ತೊ ಲೊಸ್ ಓಹೊಸ್!" ಎಂದಳು. ಕಣ್ಣು ಬಿಟ್ಟಿದ್ದಾನೆ! ನನ್ನ ಕೈಯಿಂದ ರಿಸೀವರ್ ಜಾರಿತು. ಮೇಷ್ಟ್ರು ಅದನ್ನು ಎತ್ತಿ ಮತ್ತೆ ಕಿವಿಗಿಟ್ಟರು. ಅಬ್ಲಾದೊ? ಮಾತಾಡಿದ್ದಾನಾ? ಸಿ, ಸಿ, ಮಾತಾಡಿದ್ದಾನೆ. ಅವಳು ಏನನ್ನೋ ಮತ್ತೆ ಮತ್ತೆ ಹೇಳತೊಡಗಿದಳು. ಅದು ಸ್ಪ್ಯಾನಿಷ್ ಅಲ್ಲ. "ಉತಾ ಐತಾ? ಉತಾ ಐತಾ?"

ಅಮ್ಮ ಸ್ಟೂಲಿನಿಂದ ಎದ್ದೇಬಿಟ್ಟಳು. "ಊಟ ಆಯ್ತಾ ಅಂತಿದಾನೆ ಕಣೇ ನನ್ನ ಮಗ! ಕಣ್ಣು ಬಿಟ್ಟು ಊಟ ಕೇಳ್ತಿದಾನೆ!"

ಹಾಸಿಗೆ ಪಕ್ಕ ಬಂದ ಡಾಕ್ಟರಿಗೂ ಕಸ ಗುಡಿಸುವವಳಿಗೂ ಅದನ್ನೇ ಕೇಳುತ್ತಿದ್ದಾನಂತೆ, ಮೇಷ್ಟ್ರು ಅವಳ ಮಾತು ಬಿಡಿಸಿ ಹೇಳಿದರು. ಏನದು ಎಂದು ನರ್ಸಿಗೆ ತಿಳಿಯಬೇಕಿತ್ತು. ಆಗ ಮೇಷ್ಟ್ರು ಫೋನ್ ಕಿತ್ತುಕೊಂಡರು. ಆ ಮನುಷ್ಯನಿಗೆ ಬಾಯಿ ತೆರೆಯಲು ಅಷ್ಟು ಸಾಕು. ಕೈ ಆಡಿಸುತ್ತ, ಹುಬ್ಬು ಕುಣಿಸುತ್ತ, ಪ್ರವಾಸಿಗಳಿಗೆ ಕೋಟೆ ತೋರಿಸುವ ಹಾಗೆ ಉದ್ದಕ್ಕೂ ಹೇಳಿಯೇ ಹೇಳಿದರು.

"ಅಷ್ಟು ಹೊತ್ತು ಏನ್ ಹೇಳಿದ್ರಿ ಮೇಷ್ಟ್ರೇ? ನನ್ನ ಪ್ರಶ್ನೆಗಳೆಲ್ಲ ಹಾಗೇ ಉಳಿದ್ವಲ್ಲ!"

"ನಿಮ್ಮ ಮನೆ ಕ್ರಮ ಹೇಳಿದೆ. ಇವರಲ್ಲಿ ಎಲ್ಲಾ ಮಾತಿಗಿಂತ ಮೊದಲು ಊಟ ವಿಚಾರಿಸ್ತಾರೆ, ಕೆಟ್ಟ ಸುದ್ದಿಯಂತೂ ಹೊಟ್ಟೆಗೆ ಬೀಳದೆ ಹೇಳೋದೇ ಇಲ್ಲ ಅಂತ. ನೀವೇ ಅವತ್ತು ಹೇಳಿದ್ರಲ್ಲ, ನಿಮ್ಮ ತಂದೆ ವಿಷಯ. ಆಯಮ್ಮ ಎಷ್ಟು ಕಿವಿಗೊಟ್ಟು ಕೇಳಿದ್ರು ಗೊತ್ತಾ?"

ಹೌದು, ನಾನೇ ಹೇಳಿದ್ದೆ. ಅಪ್ಪ ಹೋದ ದಿನ, ದೊಡ್ಡಮ್ಮ ಅಳುತ್ತ ಬಂದ ಹೆಣ್ಣುಮಕ್ಕಳನ್ನೆಲ್ಲ ಬಾಗಿಲಲ್ಲೇ ತಡೆದು, ಮೊದಲು ಅಮ್ಮನನ್ನು ಗದರಿಸಿ ಮುದ್ದಿಸಿ ಊಟ ಮಾಡಿಸಿ, ಕೈ ತೊಳೆಸಿ, ಆಮೇಲೆ ಸುದ್ದಿ ಹೇಳಿದ್ದಳು. ಅತ್ತು ಸಾಯುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಅಂದಿನಿಂದ ಯಾರಾದರೂ ಸುಮ್ಮನೆ "ಮೊದ್ಲು ಊಟ ಮಾಡು, ಆಮೇಲೆ ಹೇಳ್ತೀನಿ" ಎಂದರೂ ಅಮ್ಮ ತಟ್ಟೆ ಸರಿಸಿ "ಯಾರು ಹೋದ್ರು?" ಎನ್ನುತ್ತಿದ್ದಳು.

ಅವತ್ತು ಆ ನೆನಪೆಲ್ಲ ಯಾರಿಗೆ ಬೇಕಿತ್ತು? ಗುಂಡ ಕಣ್ಣು ಬಿಟ್ಟಿದ್ದ. ಮೇಷ್ಟ್ರನ್ನೂ ಊಟಕ್ಕೆ ಕೂರಿಸಿದೆವು. ಅಮ್ಮ ಎರಡನೇ ಸಲ ಬಡಿಸಿಕೊಂಡಳು. ನಾನು ಬಡಿಸಿದ್ದರಲ್ಲಿ ಸುಳ್ಳಿಲ್ಲದ ಊಟ ಅದೊಂದೇ.

ಆ ಸುಖ ಹೆಚ್ಚು ಬಾಳಲಿಲ್ಲ. ಜ್ವರ ತಿರುಗಿ ಏರಿತು. ಮತ್ತೆ ನೋ, ಮತ್ತೆ ತೊದವೀಯಾ ನೋ. ನರ್ಸಿನ ದನಿಯಲ್ಲಿದ್ದ ನಗು ಸವೆಯುತ್ತ ಬಂತು. ನಾನು ಅಮ್ಮನಿಗೆ "ಇವತ್ತು ಅರ್ಧ ಬಟ್ಟಲು ಕುಡಿದಿದಾನೆ", "ಇವತ್ತು ಇನ್ನೂ ಬೇಕು ಅಂದಿದಾನೆ" ಎಂದು ಸುಳ್ಳನ್ನು ಉದ್ದ ಮಾಡುತ್ತ ಹೋದೆ. ರಾಟೆ ತಿರುಗುವಾಗಲೂ ನನ್ನ ತಲೆಯಲ್ಲಿ ಅದೇ: ಅ ಕೊಮಿದೊ, ಅ ದೊರ್ಮಿದೊ, ಅ ಅಬ್ಲಾದೊ. ದೇವರಲ್ಲಿ ಬೇಡುವುದಕ್ಕೂ ನನಗೆ ಬೇರೆ ಮಾತು ಉಳಿಯಲಿಲ್ಲ. ಇವತ್ತು ಎನ್ನುವ ದಿನ ಮುಗಿಯದಿದ್ದರೆ ಸಾಕು, ಅವನು ಯಾವುದಾದರೂ ಒಂದು ಘಳಿಗೆಯಲ್ಲಿ ತಿಂದಾನು ಎಂದು ಗಡಿಯಾರದ ಮೇಲೆ ಹಲ್ಲು ಕಡಿಯುತ್ತಿದ್ದೆ.

ಆ ದಿನವೂ ಷಟರ್ ಅರ್ಧ ಎಳೆದೆ. ಮೇಷ್ಟ್ರು ಮೇಲೆ ಯಾರಿಗೋ ಪಾಠ ಹೇಳುತ್ತಿದ್ದರು, ರೈಲ್ವೆ ಸ್ಟೇಷನ್ ಎಲ್ಲಿದೆ ಎಂದು ಒಂದು ಗುಂಪು ಒಟ್ಟಿಗೆ ಕೇಳುತ್ತಿತ್ತು. ಅಮ್ಮ ಎರಡು ತಟ್ಟೆ ಇಟ್ಟು, ನೊಣ ಕೂರದಂತೆ ಮೇಲೆ ಇನ್ನೆರಡು ತಟ್ಟೆ ಮುಚ್ಚಿ, ಸ್ಟೂಲಿಗೆ ಹೋಗಿ ಕೂತಳು. ನಾನು ನಂಬರು ತಿರುಗಿಸಿದೆ.

"ಉಸ್ತೆದ್, ಅ ಕೊಮಿದೊ?" ಎಂದೆ, ಎಂದಿನ ಹಾಗೆ.

ಎಂದಿನ ಸಿ, ಸಿ, ಗ್ರಾಸಿಯಾಸ್ ಬರಲಿಲ್ಲ. ಉಸಿರು ಮಾತ್ರ ಕೇಳಿತು. ನಾನು ನನ್ನ ಪ್ರಶ್ನೆಗಳಿಗೆ ಹೊರಟೆ. ನನ್ನ ತಮ್ಮ, ಅ ಕೊಮಿದೊ? ಉತ್ತರವಿಲ್ಲ. ಅ ದೊರ್ಮಿದೊ? ಅದಕ್ಕೂ ಉತ್ತರವಿಲ್ಲ. ಅ ಅಬ್ಯೆರ್ತೊ ಲೊಸ್ ಓಹೊಸ್? ಇಷ್ಟು ದಿನ ನೋ ಎಂದರೆ ಎದೆ ಒಡೆಯುತ್ತಿತ್ತು. ಅವತ್ತು ಒಂದು ನೋ ಅಂದುಬಿಡಲಿ ತಾಯೀ ಎಂದು ಹಂಬಲಿಸಿದೆ.

ಅವಳು ಮೆಲ್ಲಗೆ, ಬಿಡಿಸಿ ಬಿಡಿಸಿ, ಮಗುವಿಗೆ ಕೇಳುವ ಹಾಗೆ ಕೇಳಿದಳು. "ಉಸ್ತೆದ್... ಅ ಕೊಮಿದೊ? ಸು ಮಾದ್ರೆ... ಅ ಕೊಮಿದೊ?"

ನಿಮ್ಮ ಊಟ ಆಗಿದೆಯಾ? ನಿಮ್ಮ ತಾಯಿಯ ಊಟ ಆಗಿದೆಯಾ?

ಎಂದೂ ಅವಳು ಅದನ್ನು ನನ್ನನ್ನು ಕೇಳಿರಲಿಲ್ಲ.

ಮೇಜಿನ ಅಂಚು ಹಿಡಿದುಕೊಂಡೆ. ಮೇಷ್ಟ್ರು ಹೇಳಿದ್ದನ್ನು ಆ ಪುಣ್ಯಾತ್ಗಿತ್ತಿ ಮರೆತಿರಲಿಲ್ಲ. ಅಷ್ಟು ದೂರದಲ್ಲಿ ಕೂತು ನಮ್ಮ ದೊಡ್ಡಮ್ಮನ ಕೆಲಸ ಮಾಡುತ್ತಿದ್ದಳು.

"ತೊದವೀಯಾ ನೋ," ಎಂದೆ. ಇನ್ನೂ ಇಲ್ಲ.

ಅವಳು ಕಾಯುತ್ತೇನೆ ಎನ್ನುವಂಥ ಏನೋ ಹೇಳಿದಳು. ಅವಳ ಹಿಂದೆ ಗಾಲಿಯ ಹಾಸಿಗೆಯನ್ನು ಯಾರೋ ತಳ್ಳಿಕೊಂಡು ಹೋದ ಸದ್ದು, ಪಾತ್ರೆಯ ಸದ್ದು, ಯಾರದೋ ಕೆಮ್ಮು. ನನ್ನ ತಮ್ಮನ ಕೆಮ್ಮು ನನಗೆ ಗೊತ್ತು, ಅದು ಅವನದಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದಳು. ಅ ಕೊಮಿದೊ?

"ತೊದವೀಯಾ ನೋ. ತೊದವೀಯಾ ನೋ."

ನನಗೆ ದಾರಿ ಕಂಡಿತ್ತು. ನಾವು ಊಟ ಮಾಡುವವರೆಗೂ ಅವಳು ಹೇಳುವುದಿಲ್ಲ. ಅವಳು ಹೇಳುವವರೆಗೂ ಅದು ಆಗಿಲ್ಲ. ಹಾಗಾದರೆ ನಾನು ಇವತ್ತು ತಿನ್ನುವುದಿಲ್ಲ, ನಾಳೆ ತಿನ್ನುವುದಿಲ್ಲ, ಈ ಮೇಜಿನ ಪಕ್ಕದಲ್ಲೇ ಒಣಗಿ ಕಡ್ಡಿಯಾಗುತ್ತೇನೆ, ಆಗಲಿ. ಗುಂಡ ಅಲ್ಲಿ ಇದ್ದುಕೊಂಡಿರಲಿ. ಹುಚ್ಚಿಯ ಹಾಗೆ ಅದನ್ನೇ ಹೇಳುತ್ತಿದ್ದೆ, ತೊದವೀಯಾ ನೋ, ತೊದವೀಯಾ ನೋ. ಆ ಕಡೆಯವಳು ಫೋನ್ ಇಡಲಿಲ್ಲ. ಅವಳೂ ಅಳುತ್ತಿದ್ದಳು.

ಅಮ್ಮ ಯಾವಾಗ ಎದ್ದು ಬಂದಳೋ ಗೊತ್ತಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡು ಮಗಳೇ. ಸಾಕು."

"ಅಮ್ಮ, ಅವಳು... ಸ್ವಲ್ಪ ತಿಂದಿದಾನೆ ಅಂತ..."

"ಇಷ್ಟು ದಿನ ನೀನು ತಿಂದಿದಾನೆ ಅಂದೆ, ನಾನು ನುಂಗಿದೆ. ನಾನು ತಿನ್ನದಿದ್ರೆ ನೀನು ತಿಂತಿರಲಿಲ್ಲ, ಅದಕ್ಕೆ." ಸೆರಗಿನಿಂದ ನನ್ನ ಮುಖ ಒರೆಸಿದಳು. "ಅವಳು ಕಾಯ್ತಿದಾಳೆ ಕಣೇ, ಪಾಪ. ಆ ಮಾತನ್ನ ಅವಳೊಬ್ಬಳೇ ಎಷ್ಟು ಹೊತ್ತು ಹೊತ್ಕೊಂಡಿರ್ತಾಳೆ?"

ಮೇಜಿನ ಮೇಲೆ ಮುಚ್ಚಿದ ತಟ್ಟೆಗಳು ಮುಚ್ಚಿದಂತೆಯೇ ಇದ್ದವು. ಅಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದಳು. ನಾನು ಬೇಡವೆಂದು ಎಸೆದ ಮಾತುಗಳಲ್ಲಿ ಒಂದನ್ನು ಆರಿಸಿಕೊಂಡು, ಒಂದಕ್ಷರ ತಪ್ಪದೆ ಹೇಳಿದಳು.

"ಎಮೊಸ್ ಕೊಮಿದೊ." ನಮ್ಮ ಊಟ ಆಗಿದೆ. ಆಮೇಲೆ ನಮ್ಮ ಮಾತಿನಲ್ಲೇ ಅಂದಳು, "ಈಗ ಹೇಳು ತಾಯಿ."